ಗಣಕಯಂತ್ರದ ಕಾರಕೂನನೂ ಪಟ್ಟೇವಾಲಾನೂ
(ಲೋಣಾವಳೆಯ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ವಾಚನಾಲಯದ ಮೂಲೆಯ ಗಣಕಯಂತ್ರವನ್ನು ತಾವೆಲ್ಲ ಬಲ್ಲಿರಿ. ಭವಿಷ್ಯನಿಧಿಯ ಅರ್ಜಿ ತುಂಬಲು, ಮಕ್ಕಳ ಪರೀಕ್ಷೆಯ ಫಲಿತಾಂಶ ನೋಡಲು ರವಿವಾರ ಸಾಲು ಹಚ್ಚುವುದು ಅದರ ಮುಂದೆಯೇ. ಅಂಗಡಿಯಲ್ಲಿ ಜೋಡಿಸಿಟ್ಟಿದ್ದನ್ನು ಹಾಗೆಯೇ ತಂದದ್ದು. ಆರು ಕೋರಿನ ಪ್ರೊಸೆಸರ್ ಎಂದು ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾಗಿತ್ತು. ಆದರೂ ಯಂತ್ರ ತೆವಳುತ್ತಿತ್ತು. "ಪ್ರೊಸೆಸರ್ ಹಳತಾಯಿತು, ಹೊಸದು ಕೊಳ್ಳಿರಿ" ಎಂದರು ಒಬ್ಬ ಅಂಗಡಿಕಾರರು. ತಮ್ಮ ವಂತಿಗೆಯ ಹಣ ಎಣಿಸಿಟ್ಟೂ ಆಗಿತ್ತು. ಕೊಡುವ ಮೊದಲು ಒಮ್ಮೆ ಮುಚ್ಚಳ ತೆಗೆದು ನೋಡೋಣವೆಂದೆವು.

ಪ್ರೊಸೆಸರ್ ಎಂದರೆ ಚುರುಕು ಕಾರಕೂನ. 4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 400 ಕೋಟಿ ಬಡಿತ. ಅವನಿಗೆ ಬೇಕಾದ ಕಡತಗಳಿರುವ ದಫ್ತರದ ಕೋಣೆಯೇ ರ್‍ಯಾಮ್, ಅಂದರೆ ಸ್ಮೃತಿ. ಅಲ್ಲಿಂದ ಒಂದು ಕಡತ ಬರಲು ಸುಮಾರು 80 ನ್ಯಾನೊಸೆಕೆಂಡು ಹಿಡಿಯಿತೆನ್ನಿ. ಅಷ್ಟರಲ್ಲಿ 320 ಬಡಿತ ಕಳೆದುಹೋಗುತ್ತವೆ. ಒಂದು ಬಡಿತವನ್ನು ಒಂದು ಸೆಕೆಂಡೆಂದು ಎಣಿಸಿದರೆ ಕಾರಕೂನ ಐದು ನಿಮಿಷಕ್ಕೂ ಮೀರಿ ಕೈಕಟ್ಟಿ ಕೂತಂತಾಯಿತು. ಅದಕ್ಕೇ ಪದೇ ಪದೇ ಬೇಕಾಗುವುದನ್ನು ಅವನ ಮೇಜಿನ ಮೇಲೆಯೇ ಇಡುವ ಏರ್ಪಾಡುಂಟು, ಅದು ಕ್ಯಾಶ್. ಮೇಜು ಚಿಕ್ಕದು, ಎಲ್ಲವೂ ಹಿಡಿಸದು.

ಮೊದಲು ಹೀಗಿರಲಿಲ್ಲ. ಘಾಟಿನ ಕೆಳಗೆ ಮುಂಬಯಿಯಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು 1960ರಲ್ಲಿ ನಡೆಸತೊಡಗಿದ ಟಿಫ್ರಾಕ್ ಯಂತ್ರದ ಸ್ಮೃತಿಯಲ್ಲಿ 2048 ಪದಗಳಿಗಷ್ಟೇ ಜಾಗ. ಲೆಕ್ಕ ಮಾಡುವವನೂ ನಿಧಾನಿ, ತಂದುಕೊಡುವವನೂ ನಿಧಾನಿ, ಜೋಡಿ ಹೊಂದುತ್ತಿತ್ತು. ಮುಂದೆ ಕಾರಕೂನ ಓಡತೊಡಗಿದ, ಪಟ್ಟೇವಾಲಾ ನಡೆಯುತ್ತಲೇ ಉಳಿದ. 1995ರಲ್ಲಿ ವುಲ್ಫ್, ಮೆಕೀ ಎಂಬ ಇಬ್ಬರು ಅಮೆರಿಕೆಯ ಪಂಡಿತರು ಇದನ್ನು 'ಸ್ಮೃತಿಯ ಗೋಡೆ' ಎಂದು ಕರೆದರು.

ಇನ್ನು ಡಬ್ಬಿಯ ಮೇಲಿನ 2400, 3200 ಎಂಬ ಅಂಕೆಗಳು. ಇವು ಪಟ್ಟೇವಾಲಾ ಎಷ್ಟು ಹೊರೆ ತರುತ್ತಾನೆಂಬುದರ ಲೆಕ್ಕ. ಡಿಡಿಆರ್4 ಪಟ್ಟಿ ಸಾರಿಗೆ 8 ಬೈಟು ತರುತ್ತದೆ. ಹಾಗಾಗಿ 2400ಕ್ಕೆ ಸೆಕೆಂಡಿಗೆ 19.2 ಗಿಗಾಬೈಟು, 3200ಕ್ಕೆ 25.6. ಆದರೆ ಕೂಗಿದ ಮೇಲೆ ಮೊದಲ ಕಡತ ಬರುವ ಹೊತ್ತು ಬೇರೆ ಮಾತು. 17 ಬಡಿತ ಕಾಯಿಸುವ 2400ರ ಪಟ್ಟಿಗೆ ಅದರಲ್ಲಿ 14.2 ನ್ಯಾನೊಸೆಕೆಂಡು ತಗಲಿದರೆ, 22 ಬಡಿತದ 3200ಕ್ಕೆ 13.75! ಬೆಲೆ ಕೊಟ್ಟು ಕೊಂಡ ವೇಗ ಎಲ್ಲಿ ಹೋಯಿತು? ಅರ್ಜಿ ತುಂಬುವವರಿಗೆ, ಪತ್ರ ಬರೆಯುವವರಿಗೆ ಅದು ಕಾಣಿಸುವುದೇ ಇಲ್ಲ. ಚಿತ್ರಕ್ಕೆ ಬೇರೆ ಕಾರ್ಡಿಲ್ಲದೆ ಪ್ರೊಸೆಸರಿನೊಳಗಿನ ಚಿತ್ರಭಾಗವನ್ನೇ ನೆಚ್ಚಿ ಆಟ ಆಡುವವರಿಗೆ ಚೆನ್ನಾಗಿ ಕಾಣಿಸುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಪಟ್ಟೇವಾಲಾಗಳ ಸಂಖ್ಯೆ. ಸಿದ್ಧಯಂತ್ರಗಳಲ್ಲಿ ಖರ್ಚು ಉಳಿಸಲು ಅನೇಕ ವೇಳೆ ಒಂದೇ ಪಟ್ಟಿ ಕೂಡಿಸಿರುತ್ತಾರೆ. ಜೋಡಿ ದಾರಿಯಲ್ಲಿ 2400ರ ಎರಡು ಪಟ್ಟಿ ಇದ್ದರೆ 38.4 ಗಿಗಾಬೈಟು, 3200ರ ಒಂಟಿ ಪಟ್ಟಿ ಅದರ ಮುಂದೆ ಸೋಲುತ್ತದೆ.

ನಮ್ಮ ಯಂತ್ರದಲ್ಲಿ 4 ಗಿಗಾಬೈಟಿನ ಒಂದೇ ಪಟ್ಟಿ, ಪಕ್ಕದ ಕಿಂಡಿ ಖಾಲಿ. ನಿಜವಾದ ರೋಗ ವೇಗದ್ದೂ ಅಲ್ಲ, ಜಾಗದ್ದು. ದಫ್ತರದ ಕೋಣೆ ತುಂಬಿ ಕಡತಗಳು ಹಾರ್ಡ್‌ಡಿಸ್ಕಿಗೆ ಹೋಗುತ್ತಿದ್ದವು. ಅಲ್ಲಿಂದ ತರಲು 10 ಮಿಲಿಸೆಕೆಂಡು, ಅಂದರೆ 4 ಕೋಟಿ ಬಡಿತ. ಹಿಂದಿನ ಲೆಕ್ಕದಲ್ಲಿ ಕಾರಕೂನ ಒಂದು ವರ್ಷ ಮೂರು ತಿಂಗಳು ಕಾದಂತೆ! ಅಂಥವನನ್ನು ಸೋಮಾರಿಯೆಂದು ಕೆಲಸದಿಂದ ತೆಗೆಯಲು ಹೊರಟಿದ್ದೆವು.

8 ಗಿಗಾಬೈಟಿನ ಪಟ್ಟಿಯೊಂದನ್ನು ತಂದು ಹಾಕಿದೆವು. ಸಿಕ್ಕಿದ್ದು 3200ರದು, ಹಳೆಯದರ ಜೊತೆಗೂಡಿ ಅದೂ 2400ಕ್ಕೇ ಇಳಿದು ನಡೆಯುತ್ತಿದೆ. ಇರಲಿ. ಅರ್ಜಿಯ ಪುಟಗಳು ಈಗ ತಡೆಯಿಲ್ಲದೆ ತೆರೆಯುತ್ತವೆ. ಬೆಳಿಗ್ಗೆ ಯಂತ್ರ ಏಳುವುದು ಮಾತ್ರ ಇನ್ನೂ ನಿಧಾನ. ಅದು ಡಿಸ್ಕಿನ ದೋಷ.

ಮನೆಯಲ್ಲಿ ವಿಂಡೋಸ್ ಯಂತ್ರವಿದ್ದವರು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಕೂಡಿ ಒತ್ತಿ, ಪರ್ಫಾರ್ಮೆನ್ಸ್ ಎಂಬಲ್ಲಿ ಮೆಮೊರಿಯನ್ನು ನೋಡಬೇಕು. ಎಷ್ಟು ತುಂಬಿದೆ, ವೇಗವೆಷ್ಟು, ಎಷ್ಟು ಕಿಂಡಿಗಳಲ್ಲಿ ಎಷ್ಟು ಬಳಕೆಯಲ್ಲಿವೆ, ಎಲ್ಲವೂ ಅಲ್ಲಿರುತ್ತದೆ. ಡಿಡಿಆರ್4ರ ಕಿಂಡಿಗೆ ಡಿಡಿಆರ್5 ಹಿಡಿಸುವುದಿಲ್ಲವಾದ್ದರಿಂದ ಪೇಟೆಗೆ ಹೋಗುವಾಗ ಅದನ್ನೂ ಬರೆದುಕೊಂಡು ಹೋಗಿರಿ. ಉಳಿದ ವಂತಿಗೆ ಖಜಾಂಚಿಯವರಲ್ಲಿದೆ. ಅದರಿಂದ ಹೊಸ ಡಿಸ್ಕೋ ಹೊಸ ಪುಸ್ತಕಗಳೋ, ಬರುವ ಸಭೆಯಲ್ಲಿ ತಾವೇ ಹೇಳಬೇಕು.