ತಲೆಗೆ ಹತ್ತುವುದು ಹೇಗೆ?

(ಸಂಘದ ವಾರ್ಷಿಕ ಸಮಾವೇಶದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)

 

"ಇವನ ತಲೆಗೆ ಓದು ಹತ್ತುವುದಿಲ್ಲ, ಯಾವುದಾದರೂ ಕೆಲಸಕ್ಕೆ ಹಚ್ಚಿ." ಶಿಕ್ಷಕನಾಗಿದ್ದಾಗ ಒಬ್ಬ ತಂದೆಗೆ ನಾನೇ ಈ ಮಾತು ಹೇಳಿದ್ದೆ. ಅವರು ಮೇಷ್ಟ್ರ ಮಾತೆಂದು ನಂಬಿದರು. ಹುಡುಗ ಗ್ಯಾರೇಜು ಸೇರಿದ. ಕೆಲವು ವರ್ಷಗಳ ನಂತರ ನನ್ನ ಸ್ಕೂಟರ್ ಕೆಟ್ಟಾಗ ಅದೇ ಹುಡುಗ ಇಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳಿದ. ಬಿಚ್ಚಿ ಹರವಿದ್ದ ಹತ್ತಾರು ಬಿಡಿಭಾಗಗಳನ್ನು ಒಂದೂ ತಪ್ಪದೆ ಅದರದರ ಜಾಗಕ್ಕೆ ಜೋಡಿಸಿದ. ಅವನ ನೆನಪಿಗೆ ಏನೂ ಆಗಿರಲಿಲ್ಲ. ತಪ್ಪು ನನ್ನದಾಗಿತ್ತು. ಆ ತಪ್ಪು ಇನ್ನೊಬ್ಬರಿಂದ ಆಗಬಾರದೆಂದು ಇಂದು ನಿಮ್ಮ ಮುಂದೆ ನೆನಪಿನ ವಿಷಯ ಮಾತನಾಡುತ್ತಿದ್ದೇನೆ.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದು ಕೋಶವೂ ಸಾವಿರಾರು ಕೋಶಗಳೊಡನೆ ಸಂಪರ್ಕ ಇಟ್ಟುಕೊಂಡಿರುತ್ತದೆ. ನಾವು ಕಲಿಯುವಾಗ ಈ ಸಂಪರ್ಕಗಳು ಬದಲಾಗುತ್ತವೆ. ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿ ಇದನ್ನು ಅಪ್ಲೀಸಿಯ ಎಂಬ ಕಡಲ ಜೀವಿಯಲ್ಲಿ ತೋರಿಸಿಕೊಟ್ಟರು. ಒಮ್ಮೆ ಕಲಿಸಿದ ಪಾಠವನ್ನು ಅದು ಸ್ವಲ್ಪ ಹೊತ್ತಿನಲ್ಲೇ ಮರೆಯುತ್ತಿತ್ತು. ಬಿಡುವು ಕೊಟ್ಟು ಮತ್ತೆ ಮತ್ತೆ ಕಲಿಸಿದಾಗ ಅದರ ನರಕೋಶಗಳಲ್ಲಿ ಹೊಸ ಸಂಪರ್ಕಗಳೇ ಬೆಳೆದವು, ನೆನಪು ವಾರಗಟ್ಟಲೆ ಉಳಿಯಿತು. ಈ ಕೆಲಸಕ್ಕಾಗಿ ಅವರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ನೆನಪು ಒಂದೇ ಬಗೆಯದೂ ಅಲ್ಲ. ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ ಅಪಸ್ಮಾರದ ಚಿಕಿತ್ಸೆಗಾಗಿ 1953ರಲ್ಲಿ ಶಸ್ತ್ರಕ್ರಿಯೆ ಮಾಡಿ, ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆದರು. ಅಂದಿನಿಂದ ಹೊಸ ಘಟನೆ ಯಾವುದೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರ ತಿದ್ದುವ ಕೆಲಸದಲ್ಲಿ ದಿನದಿನಕ್ಕೆ ಅವರ ಕೈ ಪಳಗಿತು. ಹಿಂದಿನ ದಿನ ಅದನ್ನು ಮಾಡಿದ್ದೇ ಅವರಿಗೆ ಗೊತ್ತಿರುತ್ತಿರಲಿಲ್ಲ! ಕೈಯ ನೆನಪು ಬೇರೆ, ಮಾತಿನ ನೆನಪು ಬೇರೆ. ಆದ್ದರಿಂದ ಒಂದರಲ್ಲಿ ಹಿಂದುಳಿದ ಮಗುವನ್ನು ದಡ್ಡನೆಂದು ಕರೆಯಬೇಡಿ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?" ಎಂದು ಕೇಳುವವರಿದ್ದಾರೆ. ಮಿದುಳು ಬಗ್ಗುತ್ತದೆ. ಲಂಡನ್ನಿನ ಟ್ಯಾಕ್ಸಿ ಚಾಲಕರು ಪರವಾನಗಿ ಪಡೆಯಲು ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಬೇಕು. ಅಂಥ ಕಲಿಕೆಯಲ್ಲಿ ಗೆದ್ದವರ ಹಿಪ್ಪೊಕ್ಯಾಂಪಸ್‌ನ ಹಿಂಭಾಗ ಕೆಲವೇ ವರ್ಷಗಳಲ್ಲಿ ಬೆಳೆದಿತ್ತೆಂದು 2011ರ ಅಧ್ಯಯನ ಕಂಡುಕೊಂಡಿತು. ಅವರೆಲ್ಲ ವಯಸ್ಕರು.

ಇನ್ನು ದೂರದ ಲಂಡನ್ ಬಿಟ್ಟು ನಮ್ಮ ಮುಂಡಗೋಡಕ್ಕೇ ಬರೋಣ. ಇಲ್ಲಿನ ಟಿಬೆಟನ್ ಕಾಲೊನಿ 1966ರಲ್ಲಿ ನೆಲೆಗೊಂಡಿತು. ಡ್ರೆಪುಂಗ್ ಮತ್ತು ಗಾದೆನ್ ವಿಹಾರಗಳ ಅಂಗಳದಲ್ಲಿ ಯುವ ಭಿಕ್ಷುಗಳು ಚಪ್ಪಾಳೆ ತಟ್ಟಿ, ಕಾಲು ಅಪ್ಪಳಿಸಿ ವಾದ ಮಾಡುವುದನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಅದು ಜಗಳವಲ್ಲ, ಪಾಠ. ಅವರು ಮೊದಲು ಗ್ರಂಥವನ್ನು ಕಂಠಪಾಠ ಮಾಡುತ್ತಾರೆ. ಬಳಿಕ ಒಬ್ಬ ನಿಂತು ಪ್ರಶ್ನೆ ಹಾಕುತ್ತಾನೆ, ಕುಳಿತವನು ಪುಸ್ತಕ ತೆರೆಯದೆ ಉತ್ತರ ಕೊಡಬೇಕು. ಇದೇ ಡ್ರೆಪುಂಗ್‌ನಲ್ಲಿ 2013ರ ಜನವರಿಯಲ್ಲಿ ದಲೈ ಲಾಮಾ ಅವರೊಡನೆ ರಿಚರ್ಡ್ ಡೇವಿಡ್‌ಸನ್, ಕ್ರಿಸ್ಟೋಫ್ ಕೋಕ್ ಮೊದಲಾದ ಮಿದುಳು ವಿಜ್ಞಾನಿಗಳು ಕುಳಿತು ಮನಸ್ಸು ಮತ್ತು ಮಿದುಳಿನ ಕುರಿತು ದಿನಗಟ್ಟಲೆ ಚರ್ಚಿಸಿದರು. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ನೆರವಿನಿಂದ ಭಿಕ್ಷುಗಳ ಓದಿನಲ್ಲಿ ಜೀವಶಾಸ್ತ್ರ, ಭೌತಶಾಸ್ತ್ರ, ನರವಿಜ್ಞಾನ ಕೂಡ ಸೇರಿವೆ. ಹಳೆಯ ವಿದ್ಯೆಯನ್ನು ಬಿಡದೆ ಹೊಸದನ್ನು ಕಲಿಯುವ ಈ ನೆರೆಯವರಿಂದ ನಾವು ಕಲಿಯುವುದಿದೆ.

ಹಾಫಿಝ್ ಆಗುವ ನಮ್ಮ ಮಕ್ಕಳೂ ಹೀಗೆಯೇ ಮಾಡುತ್ತಾರಲ್ಲವೆ? ಹೊಸ ಸಬಕ್ ಹೇಳಿ ಒಪ್ಪಿಸುತ್ತಾರೆ, ಹಳೆಯದನ್ನು ದಿನವೂ ತಿರುಗಿಸುತ್ತಾರೆ. ಈ ಕ್ರಮದ ಬಲವನ್ನು ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಯೋಗದಿಂದ ತೋರಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಪಾಠವನ್ನು ನಾಲ್ಕು ಅವಧಿ ಓದಿದರು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರು ಸಲ ನೋಡದೆ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಓದಿದವರಿಗೆ ನೂರಕ್ಕೆ 40 ಭಾಗ ನೆನಪಿತ್ತು, ನೋಡದೆ ಬರೆದವರಿಗೆ 61.

ಆದ್ದರಿಂದ ವಿದ್ಯಾರ್ಥಿಗಳೆ, ಪುಸ್ತಕ ಮುಚ್ಚಿ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಇಂದು ಓದಿದ್ದನ್ನು ನಾಳೆ, ಮತ್ತೆ ವಾರದ ನಂತರ ನೆನಪಿಸಿಕೊಳ್ಳಿ. ಗೆಳೆಯನಿಗೆ ಪ್ರಶ್ನೆ ಹಾಕಿ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಕೆಡಬೇಡಿ. ಹಗಲು ಕಲಿತದ್ದನ್ನು ಮಿದುಳು ಭದ್ರಪಡಿಸಿಕೊಳ್ಳುವುದು ನಿದ್ದೆಯಲ್ಲಿ.

ಪೋಷಕರಿಗೂ ಶಿಕ್ಷಕರಿಗೂ ಒಂದು ಮಾತು. ಹೆದರಿದ ಮಗುವಿನ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನ್ ಏರುತ್ತದೆ. ಆಗ ಗೊತ್ತಿದ್ದ ಉತ್ತರವೂ ಬಾಯಿಗೆ ಬರುವುದು ಕಷ್ಟ. ಆ ಹುಡುಗನನ್ನು ನಾನು ಏಳರ ಮಗ್ಗಿ ಕೇಳುತ್ತಿದ್ದುದು ಬೆತ್ತ ಹಿಡಿದೇ. ಗ್ಯಾರೇಜಿನಲ್ಲಿ ಅವನ ಉಸ್ತಾದ್ ಪಕ್ಕದಲ್ಲಿ ಕುಳಿತು, ತಪ್ಪಿದರೆ ಮತ್ತೆ ಬಿಚ್ಚಿಸಿ, ಮತ್ತೆ ಜೋಡಿಸಲು ಹೇಳುತ್ತಿದ್ದರು.

ಗ್ಯಾರೇಜು ಕೀಳಲ್ಲ. ಆದರೆ ಅದನ್ನು ಅವನು ತಾನಾಗಿ ಆರಿಸಿಕೊಳ್ಳಬೇಕಿತ್ತು. ನನ್ನ ಒಂದು ಮಾತು ಅವನಿಂದ ಆ ಆಯ್ಕೆಯನ್ನು ಕಸಿದುಕೊಂಡಿತು. ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಯಾವ ಮಗುವಿನ ಬಗ್ಗೆಯಾದರೂ ಆ ಮಾತು ಬಾಯಿಗೆ ಬಂದರೆ ದಯವಿಟ್ಟು ನುಂಗಿಕೊಳ್ಳಿ, ಆ ಮಗುವಿನ ಪಕ್ಕದಲ್ಲಿ ಕುಳಿತು ಇನ್ನೊಮ್ಮೆ ಹೇಳಿಕೊಡಿ.