ಫ್ಯಾನು ನಿಂತಿದೆ, ಕರೆಂಟು ನಿಂತಿದೆಯೇ?

(ಸಂಘದ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಮುಂಬಯಿಯಲ್ಲಿ ನಮ್ಮ ಖೋಲಿಗಳು ಚಿಕ್ಕವು. ಅಡಿಗೆ, ಸ್ನಾನ, ನಿದ್ದೆ ಎಲ್ಲವೂ ನಾಲ್ಕು ಗೋಡೆಯೊಳಗೆ. ಹೊಗೆ, ಹಬೆ ಹೊರಗೆ ಹೋಗದಿದ್ದರೆ ಗೋಡೆಗೆ ಬೂಷ್ಟು, ಎದೆಗೆ ಕೆಮ್ಮು. ಆದುದರಿಂದ ಅನೇಕರು ಎಕ್ಸಾಸ್ಟ್ ಫ್ಯಾನು ಹಾಕಿಸುತ್ತಿದ್ದಾರೆ. ಒಳ್ಳೆಯದೇ. ಅದರ ತಂತಿಯ ವಿಷಯವಾಗಿ ಎರಡು ಮಾತು ಹೇಳುತ್ತೇನೆ.

ಕೈಯಿಂದ ಹಾಕುವ ಸ್ವಿಚ್ಚು ಒಂದು. ತೇವ ಹೆಚ್ಚಿದಾಗ ತಾನಾಗಿಯೇ ಫ್ಯಾನು ನಡೆಸುವ ಸ್ವಿಚ್ಚು ಇನ್ನೊಂದು. ಇವನ್ನು ಒಂದರ ಹಿಂದೆ ಒಂದಾಗಿ ಜೋಡಿಸಿದರೆ, ಎರಡೂ ಹಾಕಿದ್ದಾಗ ಮಾತ್ರ ಫ್ಯಾನು ತಿರುಗುತ್ತದೆ. ಒಗ್ಗರಣೆಯ ಘಾಟಿನಲ್ಲಿ ತೇವವೆಲ್ಲಿ? ನೀವು ಸ್ವಿಚ್ಚು ಹಾಕಿದರೂ ಅದು ಅಲುಗುವುದಿಲ್ಲ.

ಒಂದೇ ವೇಗದ ಫ್ಯಾನಾದರೆ ಎರಡನ್ನೂ ಪಕ್ಕಪಕ್ಕದ ದಾರಿಯಾಗಿ ಜೋಡಿಸಬೇಕು. ಒಂದೇ ಫೇಸ್ ತಂತಿ ಕವಲೊಡೆದು ಎರಡೂ ಸ್ವಿಚ್ಚಿಗೆ ಬರಬೇಕು. ಎರಡರಿಂದ ಹೊರಟದ್ದು ಕೂಡಿ ಫ್ಯಾನಿಗೆ ಹೋಗಬೇಕು. ನ್ಯೂಟ್ರಲ್ ನೇರವಾಗಿ ಫ್ಯಾನಿಗೆ. ತೇವದ ಸ್ವಿಚ್ಚಿಗೆ ಬೇಕಿದ್ದರೆ ಅದಕ್ಕೂ. ಅರ್ಥಿಂಗ್ ಫ್ಯಾನಿನ ಲೋಹದ ಮೈಗೆ. ಮನೆಗೆ ಎರಡು ಬಾಗಿಲಿದ್ದಂತೆ, ಯಾವುದು ತೆರೆದರೂ ಕರೆಂಟು ಒಳಗೆ ಬರುತ್ತದೆ.

ಅಪಾಯವೂ ಇಲ್ಲೇ ಇದೆ. ಕೈಸ್ವಿಚ್ಚು ಆರಿಸಿ, ಸ್ಟೂಲು ಹತ್ತಿ ಜಿಡ್ಡು ಒರೆಸುತ್ತೀರಿ. ಅಷ್ಟರಲ್ಲಿ ಮನೆಯವರು ಮೋರಿಯಲ್ಲಿ ಬಿಸಿನೀರು ಸುರಿಯುತ್ತಾರೆ. ಹಬೆ ಏರಿತು, ಫ್ಯಾನು ತಿರುಗಿತು! ಬೆರಳು ಹೋದರೆ ನಾಳೆಯ ಪಾಳಿಗೆ ಯಾರು ಹೋಗಬೇಕು? ದುಡಿಯುವವನ ಬಂಡವಾಳವೆಲ್ಲ ಎರಡು ಕೈ.

ಹೋಟೆಲಿನ ರುಬ್ಬುವ ಯಂತ್ರಕ್ಕೆ ಕೈ ಹಾಕುವ ಮೊದಲು ಮೇನ್ ತೆಗೆಯಬೇಕೆಂದು ಹೊಸ ಹುಡುಗನಿಗೆ ಹೇಳುತ್ತೇವಷ್ಟೆ? ಮನೆಯಲ್ಲೂ ಅದೇ ನಿಯಮ. ತಂತಿ ಕವಲೊಡೆಯುವ ಮೊದಲೇ, ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್ಚು ಹಾಕಿಸಿ. ಒರೆಸುವ ಮೊದಲು ಅದನ್ನು ಆರಿಸಿ. ಫ್ಯಾನು ನಿಂತ ಮಾತ್ರಕ್ಕೆ ಕರೆಂಟು ಹೋಯಿತೆಂದು ನಂಬಬೇಡಿ.

ಇನ್ನೊಂದು ಮಾತು. ಗ್ಯಾಸಿನ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ, ಕಿಡಿ ಹಾರೀತು. ರೆಗ್ಯುಲೇಟರು ಮುಚ್ಚಿ, ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ.

230 ವೋಲ್ಟು ಬಡವ ಬಲ್ಲಿದನೆಂದು ನೋಡುವುದಿಲ್ಲ. ಈ ಕೆಲಸವನ್ನು ಲೈಸೆನ್ಸ್ ಇರುವ ವೈರ್‌ಮನ್‌ನಿಂದಲೇ ಮಾಡಿಸಿ. ಕೂಲಿ ಕೊಡುವ ಮೊದಲು ಕೇಳಿ: “ಎರಡನ್ನೂ ಒಟ್ಟಿಗೆ ಆರಿಸುವ ಸ್ವಿಚ್ಚು ಎಲ್ಲಿದೆ? ಆರಿಸಿ ತೋರಿಸಪ್ಪ.” ಕೇಳುವುದಕ್ಕೆ ಸಂಕೋಚ ಬೇಡ.