ಹವಾಮಾನ ಬದಲಾವಣೆ ಮತ್ತು ನಮ್ಮೂರಿನ ಎಂಜಿನಿಯರಿಂಗ್



ಹವಾಮಾನ ಬದಲಾವಣೆಗೆ ಎಂಜಿನಿಯರಿಂಗ್ ಏನು ಮಾಡಬಲ್ಲದು ಎಂದು ಹೇಳಲು ಮೇಷ್ಟ್ರು ಅಪ್ಪಣೆ ಕೊಟ್ಟಿದ್ದಾರೆ. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದ್ದರಿಂದ ನಮ್ಮ ಸೀಮೆಯ ಉದಾಹರಣೆಗಳನ್ನೇ ಇಟ್ಟುಕೊಂಡು ಮಾತನಾಡುತ್ತೇನೆ.

ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಪೂರ್ಣಗೊಂಡಿತು. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಅಣೆಕಟ್ಟೆಯಾಗಲಿ, ಸೇತುವೆಯಾಗಲಿ, ಹಿಂದಿನ ವರ್ಷಗಳ ಮಳೆಯ ಲೆಕ್ಕ ನೋಡಿಯೇ ಕಟ್ಟುವುದು. ಈಗ ಆ ಲೆಕ್ಕವೇ ಅಲುಗಾಡುತ್ತಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಹಾಗಾಗಿ ಸುರಿದರೆ ಒಮ್ಮೆಗೇ ಜೋರಾಗಿ ಸುರಿಯುವ ಸಂಭವ ಹೆಚ್ಚು. 2019ರ ಆಗಸ್ಟಿನಲ್ಲಿ ರಾಜ್ಯ ಪ್ರವಾಹ ಕಂಡಿತು. 2023ರಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು.

ಹಾಸನ ಎಂದರೆ ಆಲೂಗಡ್ಡೆ ಎನ್ನುವ ಕಾಲವಿತ್ತು. ಇಂದು ಅನೇಕ ಹೊಲಗಳಲ್ಲಿ ಮುಸುಕಿನ ಜೋಳ ನಿಂತಿದೆ. ಅದಕ್ಕೆ ಅಂಗಮಾರಿ ರೋಗವೂ ಒಂದು ಕಾರಣ. ತಂಪು ಹವೆಯಲ್ಲಿ ಎಲೆ ಬಹಳ ಹೊತ್ತು ಒದ್ದೆಯಾಗಿದ್ದರೆ ಕೆಲವೇ ದಿನಗಳಲ್ಲಿ ಹೊಲವೆಲ್ಲ ಕರಗುತ್ತದೆ. ಔಷಧಿಯನ್ನು ರೋಗ ಕಾಣುವ ಮೊದಲೇ ಹೊಡೆಯಬೇಕು. ಹಾಸನದಲ್ಲೇ ಇರುವ ಇಸ್ರೋ ಸಂಸ್ಥೆಯ ಎಂಸಿಎಫ್ ಕೇಂದ್ರದಿಂದ ಹವಾಮಾನ ಉಪಗ್ರಹಗಳ ನಿಯಂತ್ರಣ ನಡೆಯುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ನಿಲ್ಲಿಸಿದೆ. ಇಷ್ಟಿದ್ದರೂ ಎಷ್ಟೋ ರೈತರು ಅಂದಾಜಿನ ಮೇಲೆಯೇ ಔಷಧಿ ಹೊಡೆಯುತ್ತಾರೆ. ಆ ಮಾಹಿತಿಯನ್ನು "ನಾಳೆ ಹೊಡೆಯಿರಿ" ಅಥವಾ "ಈ ವಾರ ಬೇಡ" ಎಂಬ ಒಂದು ಮಾತಾಗಿ ಹೊಲಕ್ಕೆ ಮುಟ್ಟಿಸುವುದು ನನ್ನಂಥವರ ಕೆಲಸ.

ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು ಹದ ಮಾಡಲು ಬ್ಯಾರನ್‌ಗಳಲ್ಲಿ ಸೌದೆ ಉರಿಯುತ್ತದೆ. ಗೋಡೆ, ಚಾವಣಿಯಿಂದ ಶಾಖ ಸೋರದಂತೆ ಮಾಡಿ, ಒಲೆ ಸರಿಪಡಿಸಿದರೆ ಅಷ್ಟು ಮರ ಉಳಿಯುತ್ತದೆ, ಖರ್ಚೂ ಇಳಿಯುತ್ತದೆ. ಇದೂ ಎಂಜಿನಿಯರಿಂಗೇ.

ಆದರೆ ಎಲ್ಲವನ್ನೂ ಯಂತ್ರ ಮಾಡುವುದಿಲ್ಲ. ಚನ್ನರಾಯಪಟ್ಟಣದ ತೆಂಗಿನ ತೋಟಗಳನ್ನು ನೋಡಿ. ನೀರು ಎರಡರಷ್ಟು ಆಳಕ್ಕೆ ಹೋದರೆ ಮೇಲೆತ್ತಲು ಎರಡರಷ್ಟು ವಿದ್ಯುತ್ ಬೇಕು. ಸೋಲಾರ್ ಪಂಪು ಹಾಕಿದರೆ ಬಿಲ್ಲಿಲ್ಲ, ಹೊಗೆಯಿಲ್ಲ. ಆದರೆ ಬಿಸಿಲು ಪುಕ್ಕಟೆ ಎಂದು ದಿನವಿಡೀ ಓಡಿಸಿದರೆ ಬೋರ್‌ವೆಲ್ ಬೇಗ ಬತ್ತುತ್ತದೆ. ಜೊತೆಗೆ ಹನಿ ನೀರಾವರಿ ಬೇಕು, ಕೆರೆಗೆ ನೀರು ಬರುವ ಕಾಲುವೆ ಒತ್ತುವರಿಯಾಗದೆ ಉಳಿಯಬೇಕು. ಎಷ್ಟು ನೀರು ಎತ್ತಬೇಕು ಎಂಬುದನ್ನು ಊರೇ ಕುಳಿತು ತೀರ್ಮಾನಿಸಬೇಕು. ಅದನ್ನು ಯಾವ ಎಂಜಿನಿಯರೂ ಬಂದು ಮಾಡಿಕೊಡಲಾರ.

ತೀರ್ಮಾನಕ್ಕೆ ಲೆಕ್ಕ ಬೇಕು. ಅದನ್ನು ಈ ಶಾಲೆಯಿಂದಲೇ ಶುರು ಮಾಡೋಣ. ನಮ್ಮ ಬ್ಯಾಚಿನವರು ಶಾಲೆಗೊಂದು ಮಳೆಮಾಪಕ, ಒಂದು ದಪ್ಪ ರಿಜಿಸ್ಟರು ಕೊಡುತ್ತೇವೆ. ಒಂದು ಎಕರೆಗೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಮಕ್ಕಳು ದಿನಾ ಬೆಳಿಗ್ಗೆ 8.30ಕ್ಕೆ ಅಳೆದು ಬರೆಯಲಿ, ತಿಂಗಳಿಗೊಮ್ಮೆ ಹತ್ತಿರದ ಬಾವಿಯ ನೀರಿನ ಮಟ್ಟವನ್ನೂ ಬರೆಯಲಿ. ರಜೆಯ ದಿನ ಯಾರು ಬರೆಯಬೇಕು ಎಂಬುದನ್ನು ಹಿರಿಯರು ಇವತ್ತೇ ಗೊತ್ತುಮಾಡಬೇಕೆಂದು ನನ್ನ ಪ್ರಾರ್ಥನೆ.